ಕಾಕಾನ ಕಾರಿಗೂ ದಮ್ಮು

ಆ ದಿನ ಗುಡಗೇರಿ ರೈಲ್ವೆ ಗೇಟಿನ ಮುಂದೆ ಕಾರಿನ ಬಾನೆಟ್ಟಿನಿಂದ ಎದ್ದದ್ದು ಹೊಗೆಯೋ ಹಬೆಯೋ ಎಂದು ಯಾರಾದರೂ ಪ್ರಮಾಣ ಮಾಡಿಸಿದರೆ ನಾನು ಹಿಂದೆ ಸರಿಯುತ್ತೇನೆ. ನೆನಪು ಹೊಗೆ ಎನ್ನುತ್ತದೆ. ಆದರೆ ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಧಾರವಾಡದಲ್ಲಿ ಭೌತಶಾಸ್ತ್ರ ಓದಿದ್ದರಿಂದ ಆದ ನಷ್ಟವಿದು: ಕಂಡದ್ದನ್ನೆಲ್ಲ ಅನುಮಾನಿಸುವುದನ್ನು ಕಲಿಸಿದರು, ಎಲ್ಲಿ ನಿಲ್ಲಿಸಬೇಕೆಂದು ಕಲಿಸಲಿಲ್ಲ. ನಮ್ಮ ಕಾಕಾ ಮಾತ್ರ ಇಂದಿಗೂ "ಅದು ಹಬಿ" ಎನ್ನುತ್ತಾನೆ. ಅನ್ನಲೇಬೇಕು. ಹೊಗೆಯಾಗಿದ್ದರೆ ಸುಟ್ಟದ್ದು ಕಾಕುವಿನ ಕೌದಿ ಎಂದಾಗುತ್ತದಲ್ಲ!

ಒಂದು ಮಾತು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಇಡೀ ಕುಂದಗೋಳ ತಾಲೂಕಿನಲ್ಲಿ ಕಾರಿನ ಹಣೆಗೆ ತಣ್ಣೀರು ಪಟ್ಟಿ ಹಾಕಿದ ಮನುಷ್ಯ ನಮ್ಮ ಕಾಕಾ ಒಬ್ಬನೇ.

ಕಾಕುವಿಗೆ, ಅಂದರೆ ಅವನ ಹೆಂಡತಿಗೆ, ದಮ್ಮು, ಉಬ್ಬಸದ ರೋಗ. ಹುಬ್ಬಳ್ಳಿಯ ಡಾಕ್ಟರ ಬಳಿ ಆಗಾಗ ಹೋಗಬೇಕು. ಬೇಸಿಗೆ ಹೊತ್ತಿಗೆ ನಮ್ಮ ಕಡೆ ರಸ್ತೆಯ ಎರಡೂ ಬಾಜು ಮೆಣಸಿನಕಾಯಿ ಕಣಗಳು. ನೋಡಲು ಕೆಂಪು ಜಮಖಾನೆ ಹಾಸಿದಂತೆ ಚಂದ, ಉಸಿರಾಡಲು ಮಾತ್ರ ಆಗದು. ಗಟ್ಟಿಮುಟ್ಟಾದವರೇ ಸೀನುತ್ತ ದಾಟುವ ದಾರಿಯಲ್ಲಿ ಕಾಕುವಿನ ಗತಿ ಏನು? ಹಾಗಾಗಿ ಕಾರಿನ ಗಾಜು ಏರಿಸಿ ಏಸಿ ಹಾಕಲೇಬೇಕು. ಕಾಕಾನ ಹಳೆಯ ಕಾರಿಗೆ ಏಸಿ ಹಾಕಿದರೆ ಏರು ಹತ್ತಲು ಬೇಸರ. ಕಾಕಾನ ಚಿಂತೆ ಇಷ್ಟೇ: ಏಸಿ ಆರಿಸದೆ ಹೆಂಡತಿಯನ್ನು ಹುಬ್ಬಳ್ಳಿ ಮುಟ್ಟಿಸಬೇಕು.

ಹುಬ್ಬಳ್ಳಿಯ ಒಂದು ಅಂಗಡಿಯವನು ಇದಕ್ಕೆ ಮದ್ದು ಕೊಟ್ಟ. ಎಂಜಿನ್ನು ಗಾಳಿ ಎಳೆದುಕೊಳ್ಳುವ ಕಂಪನಿಯ ಕರಿ ಡಬ್ಬಿ ಕಿತ್ತು, ಆ ಜಾಗಕ್ಕೆ ಕೆಂಪನೆಯ ಶಂಕುವಿನಾಕಾರದ ಬಯಲು ಫಿಲ್ಟರು ಕೂರಿಸಿದ. ಮುಚ್ಚಳವಿಲ್ಲ, ಗೋಡೆಯಿಲ್ಲ, ಬೇಕಾದಷ್ಟು ಗಾಳಿ. ಕಾರು ಬುಸ್ಸೆಂದು ಉಸಿರೆಳೆಯತೊಡಗಿತು. ಓಣಿಯ ನಾಯಿಗಳು ಮೊದಲ ದಿನ ಅಟ್ಟಿಸಿಕೊಂಡು ಬಂದವು, ಎರಡನೆಯ ದಿನದಿಂದ ದಾರಿ ಬಿಟ್ಟವು. ಕರಿ ಡಬ್ಬಿಯಲ್ಲಿ ಕಾಕು ಮಣ್ಣು ತುಂಬಿ ಕೊತ್ತಂಬರಿ ಬಿತ್ತಿದಳು. ನಲವತ್ತು ದಾಟಿದ ಮೇಲೆ ಮುದುಕನಿಗೆ ಹರೆಯ ಬಂದಿದೆ ಎಂದು ಊರಿನವರು ನಕ್ಕರು. ಅರವತ್ತು ದಾಟಿತ್ತು ಎಂಬುದೇ ನಿಜ. ಊರಿನವರು ಮರ್ಯಾದೆಗೆ ಹಾಗೆ ಹೇಳಿರಬೇಕು.

ಮುಂಜಾನೆಯ ತಂಪಿನಲ್ಲಿ ಕಾರು ಹಾರುತ್ತಿತ್ತು. ತಂಟೆ ಶುರುವಾಗಿದ್ದು ಬಿಸಿಲೇರಿದ ಮೇಲೆ, ಗೇಟಿನಲ್ಲಿ. ಗೇಟು ಹಾಕಿತ್ತು, ಗೂಡ್ಸ್ ರೈಲು ಬರುವುದಿತ್ತು. ಏಸಿ ಬೇಕಲ್ಲ, ಎಂಜಿನ್ನು ಚಾಲೂ ಇಟ್ಟೇ ಕಾದೆವು. ಗೇಟು ತೆರೆದಾಗ ಕಾರು ಮುಂದೆ ಹೋಗಲೊಲ್ಲದು. ಕೆಮ್ಮಿತು, ತಡವರಿಸಿತು. ಹಿಂದಿನವರ ಹಾರ್ನು ತಾಳದೆ ಕಾಕಾ ಏಸಿ ಆರಿಸಿದ. ಸೆಕೆಗೆ ಗಾಜು ಇಳಿಸಿದೆವು. ಮೆಣಸಿನಕಾಯಿ ಗಾಳಿ ಒಳಗೆ ಬಂತು. ಆಮೇಲೆ ಹುಬ್ಬಳ್ಳಿಯವರೆಗೆ ಕಾಕುವಿನ ಎದೆಯ ಸಿಳ್ಳು ಕೇಳುತ್ತ ಹೋದೆವು.

ಊರಿಗೆ ಮರಳಿದ ಮೇಲೆ ನಾನು ಪಾಠ ಮಾಡಿದೆ. ಕರಿ ಡಬ್ಬಿ ಮುಂದಿನ ದೀಪದ ಹತ್ತಿರದಿಂದ ಹೊರಗಿನ ಗಾಳಿ ತರುತ್ತಿತ್ತು. ಈ ಬಯಲು ಫಿಲ್ಟರು ಕುಂತಿರುವುದು ಎಂಜಿನ್ನಿನ ಮಗ್ಗುಲಲ್ಲಿ. ಗಾಡಿ ಓಡುವಾಗ ಒಂದಿಷ್ಟು ಹೊಸ ಗಾಳಿ ನುಗ್ಗುತ್ತದೆ; ನಿಂತರೆ ಬಾನೆಟ್ಟಿನೊಳಗೆ ಒಲೆಯ ಝಳ, ಅದನ್ನೇ ಎಳೆದುಕೊಳ್ಳುತ್ತದೆ. ಬಿಸಿ ಗಾಳಿ ತೆಳು, ಎಷ್ಟೆಳೆದರೂ ಎಂಜಿನ್ನಿಗೆ ಸಾಲದು.

ಕಾಕಾ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದ. "ಅಂದ್ರ ಇದಕ್ಕೂ ದಮ್ಮು ಅನ್ನು."

ಅಲ್ಲಿಂದ ಚಿಕಿತ್ಸೆ ಶುರು. ಕಾಕುವಿನ ಜ್ವರದ ಥರ್ಮಾಮೀಟರನ್ನು ಫಿಲ್ಟರಿನ ಹತ್ತಿರ ಹಿಡಿದ. ಅದು ಚೀರಿ ಸುಮ್ಮನಾಯಿತು, ಮುಂದೆ ಯಾರ ಜ್ವರವನ್ನೂ ಹೇಳಲಿಲ್ಲ. ಬಾನೆಟ್ಟಿನ ಮೇಲೆ ಹಸಿ ಪಂಜೆ ಹಾಸಿದ. ದಾರಿಯಲ್ಲಿ ಹೋಗುವವರು ಬಿಳಿ ಬಟ್ಟೆ ಹೊದ್ದ ಕಾರು ನೋಡಿ ಚಪ್ಪಲಿ ಬಿಟ್ಟು ಒಳಗೆ ಬಂದು, "ಏನಾತ್ರಿ, ಯಾವಾಗ?" ಎಂದು ಮೆಲ್ಲಗೆ ಕೇಳಿದರಂತೆ. ಇದು ನಾನು ಕಂಡದ್ದಲ್ಲ, ಕಾಕು ಹೇಳಿದ್ದು. ಕಾಕು ಸುಳ್ಳು ಹೇಳುವುದಿಲ್ಲ, ಉಪ್ಪು ಖಾರ ಮಾತ್ರ ಸೇರಿಸುತ್ತಾಳೆ.

ಕೊನೆಗೆ ಕಾಕಾನಿಗೆ ಹೊಳೆದದ್ದು ಕೌದಿ. ಹಳೆಯ ಸೀರೆಗಳನ್ನು ಪದರ ಪದರ ಹಾಕಿ ಹೊಲಿದ ಕೌದಿಯೊಳಗೆ ಚಳಿ ಬರುವುದಿಲ್ಲ. ಚಳಿ ತಡೆಯುವುದು ಝಳ ತಡೆಯದೇ? ತರ್ಕದಲ್ಲಿ ತಪ್ಪಿಲ್ಲ. ಎಂಜಿನ್ನಿಗೂ ಫಿಲ್ಟರಿಗೂ ನಡುವೆ ಗೋಡೆಯಂತೆ, ಕಾಕು ಹೊಲಿದ ಹಸಿರು ಇಳಕಲ್ ಸೀರೆಯ ಕೌದಿಯನ್ನು ಕಟ್ಟಿದ. ಅವಳಿಗೆ ಹೇಳದೆ, ನೀರು ಚಿಮುಕಿಸಿ! ಎಂಜಿನ್ನಿನಲ್ಲಿ ನೀರು ಕುದಿಯುವುದಕ್ಕಿಂತ ಬಿಸಿಯಾದ ಭಾಗಗಳಿವೆ ಎಂದು ನಾನು ಹೇಳಿದ್ದೆನೋ, ಹೇಳಬೇಕೆಂದುಕೊಂಡಿದ್ದೆನೋ. ಮುಂದಿನ ಸಲ ಅದೇ ಗೇಟಿನಲ್ಲಿ ಎದ್ದಿತಲ್ಲ, ಆ ಹೊಗೆ ಅಥವಾ ಹಬೆ. ಗೇಟಿನವನು ಕೊಡ ಹಿಡಿದು ಓಡಿ ಬಂದ. ಕಾಕಾ ಬಾನೆಟ್ಟಿಗೆ ಬೆನ್ನು ಕೊಟ್ಟು, ಕಾಕುವಿಗೆ ಏನೂ ಕಾಣದಂತೆ ನಿಂತ.

ವಾರದ ಮೇಲೆ ಕಾಕು ಕೇಳಿದಳು, "ಕೌದಿ ಎಲ್ಲೈತ್ರಿ?"

"ಹಳ್ಳಕ್ಕ ಒಗ್ಯಾಕ ಒಯ್ದಿದ್ನಿ. ಹರಕೊಂಡು ಹೋತು."

"ಹಳ್ಳದಾಗ ನೀರs ಇಲ್ಲ. ನಡಕೊಂಡು ಹೋತೇನು?"

ಹಳೆಯ ಕರಿ ಡಬ್ಬಿಯನ್ನೇ ಮತ್ತೆ ಹಾಕು ಎಂದೆ. ಕಾಕಾ ಒಪ್ಪಿದ, ಆದರೆ ಕೊತ್ತಂಬರಿ ಇನ್ನೂ ಎಳೆಯದು, ಕಾಯಬೇಕೆಂದ. ಅದು ಚಟ್ನಿಯಾದ ಮೇಲೆ ಡಬ್ಬಿ ತೊಳೆದು, ಹೊಸ ಫಿಲ್ಟರು ಹಾಕಿ ಸ್ವಸ್ಥಾನಕ್ಕೆ ಕೂರಿಸಿದರು. ಕಾರು ಮೊದಲಿನಂತೆಯೇ ನಿಧಾನ. ಆದರೆ ಗೇಟಿನಲ್ಲಿ ನಿಂತು ಹೊರಟರೂ ಏಸಿ ಆರಿಸುವ ಪ್ರಸಂಗ ಬರಲಿಲ್ಲ.

ಆಗಿನಿಂದ ಕಾಕಾನಿಗೆ ಹೊಸ ಹುಚ್ಚು. ತನಗೆ ತಂಪು ಗಾಳಿ ಆಗುವುದಿಲ್ಲ, ಕುತ್ತಿಗೆ ಹಿಡಿಯುತ್ತದೆ ಎಂದು ಶುರುಮಾಡಿದ. ಏಸಿ ಕಾರಿನಲ್ಲೂ ಅವನ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. "ಎಂಜಿನ್ನಿಗೆ ತಂಪು ಬೇಕು, ಇವರಿಗೆ ಬ್ಯಾಡ" ಎಂದು ಕಾಕು ನಗುತ್ತಿದ್ದಳು. ನಾನೂ ನಕ್ಕಿದ್ದೆ. ಹಿಂದಿನ ಸೀಟಿನಿಂದ ಆ ಒದ್ದೆ ಬೆನ್ನು ಕಂಡದ್ದು ನಿಜವೇ, ನಾನೇ ಕಟ್ಟಿಕೊಂಡದ್ದೇ ಎಂದು ಆಮೇಲೆ ಅನುಮಾನವೂ ಬಂತು.

ಈ ಬೇಸಿಗೆಯಲ್ಲಿ ಕಾಕಾನ ಕಾಲು ಉಳುಕಿತ್ತು, ಕಾಕುವನ್ನು ಡಾಕ್ಟರ ಬಳಿ ಅದೇ ಕಾರಿನಲ್ಲಿ ನಾನು ಕರೆದೊಯ್ದೆ. ಕಣಗಳ ನಡುವೆ ಗಾಜು ಏರಿಸಿ ಹೊರಟೆವು. ಬಾಜೂ ಸೀಟಿನಲ್ಲಿ ಕಾಕು ಸೆರಗು ಹೊದ್ದು ನಿದ್ದೆ ಹೋದಳು, ಎದೆಯಲ್ಲಿ ಸಿಳ್ಳಿರಲಿಲ್ಲ. ನನಗೆ ಮಾತ್ರ ಬೆವರು ಇಳಿಯುತ್ತಿತ್ತು. ಗೇಟು ಹಾಕಿದಾಗ ನನ್ನ ಕಡೆಯ ಏಸಿ ಗಾಳಿಕಿಂಡಿಗಳಲ್ಲಿ ಬೆರಳು ಹಾಕಿ ನೋಡಿದೆ. ಎರಡರಲ್ಲೂ ಬಟ್ಟೆ ಬಿಗಿಯಾಗಿ ತುರುಕಿತ್ತು, ಗಾಳಿಯೆಲ್ಲ ಕಾಕುವಿನ ಕಡೆಗೇ ಹೋಗುವಂತೆ. ಒಂದನ್ನು ಎಳೆದೆ. ಹಸಿರು ಇಳಕಲ್, ಕಾಕುವಿನ ಸಾಲು ಹೊಲಿಗೆ.

ಮತ್ತೆ ಅಲ್ಲೇ ತುರುಕುವ ಮೊದಲು ಬೆಳಕಿಗೆ ಹಿಡಿದು ನೋಡಿದೆ. ಅಂಚು ಕರಕಾಗಿತ್ತು. ಅಂದು ಎದ್ದದ್ದು ಹೊಗೆಯೇ.