ಜುಬೇದಾಳ ನೆಗಡಿ ಮತ್ತು ನನ್ನ ಪದ್ಧತಿ

ಗಟ್ಟಿ ಆರೋಗ್ಯವಿದ್ದವರಷ್ಟು ಕರುಣೆ ಕಡಿಮೆ ಇರುವವರು ಬೇರೆ ಯಾರೂ ಇಲ್ಲ. ಇದು ನನಗೆ ನನ್ನಿಂದಲೇ ಗೊತ್ತಾದದ್ದು. ಅಂಥವರ ಕಣ್ಣಿಗೆ ಜ್ವರ ಬಂದವರೆಲ್ಲ ಮೈಗಳ್ಳರು. ಎಪ್ಪತ್ತರ ದಶಕದಲ್ಲಿ ನಾನು ತಿಕೋಟಾದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಓಡುವವರ ಹತ್ತಿರ ರೋಗ ಸುಳಿಯುವುದಿಲ್ಲ ಎಂಬುದೊಂದೇ ನನ್ನ ಸಿದ್ಧಾಂತ. ಒಮ್ಮೆ ಗಣಿತದ ಮಾಸ್ತರರು ಸೀನಿದ್ದಕ್ಕೆ ಐವತ್ತು ಬೈಠಕ್ ಹೊಡೆಯಲು ಹೇಳಿದ್ದೆ. ಪಾಪ, ಹನ್ನೆರಡಕ್ಕೇ ಸೊಂಟ ಹಿಡಿದುಕೊಂಡು ಕೂತರು. ಆಮೇಲೆ ಅವರು ನೆಗಡಿಯ ಮಾತೇ ಎತ್ತಲಿಲ್ಲ. ಅದನ್ನೂ ನನ್ನ ಗೆಲುವೆಂದೇ ತಿಳಿದುಕೊಂಡೆ.

ಆ ವರ್ಷ ಒಂಬತ್ತನೆಯ ತರಗತಿಯಲ್ಲಿ ಜುಬೇದಾ ಎಂಬ ಹುಡುಗಿ ಇದ್ದಳು, ಊರಿನ ದರ್ಜಿ ಹಸನಸಾಬರ ಮಗಳು. ಒಂದು ದಿನ ಗಂಟೆ ಬಾರಿಸಿದ ಮೇಲೆ ಓಡುತ್ತ ಬಂದಳು. ತಡವಾಗಿದ್ದಕ್ಕೆ ಬೈದೆ. ಬೈದ ಮೇಲೆ ಆ ಓಟ ಕಣ್ಣಿಗೆ ಕಟ್ಟಿದಂತಾಗಿ, ಗಡಿಯಾರ ಹಿಡಿದು, ಮತ್ತೆ ಗೇಟಿನಿಂದ ಓಡಿ ಬಾ ಎಂದೆ. ಮರುದಿನದಿಂದಲೇ ಎಂಟುನೂರು ಮೀಟರಿಗೆ ತಯಾರಿ ಶುರುವಾಯಿತು. ಬೆಳಿಗ್ಗೆ ಘೋಣಸಗಿ ದಾರಿಯಲ್ಲಿ, ಸಂಜೆ ಮೈದಾನದಲ್ಲಿ. ರವಿವಾರ ಸಾಲಿ ಇರುವುದಿಲ್ಲವಲ್ಲ, ಅಂದು ಎರಡರಷ್ಟು. ಅವಳಿಗೂ ಓಡುವುದೆಂದರೆ ಪ್ರಾಣ.

ಎರಡು ತಿಂಗಳಿಗೆ ನೆಗಡಿ ಬಂತು. ಹೋಯಿತು ಅನ್ನುವಷ್ಟರಲ್ಲಿ ಗಂಟಲು ನೋವು, ಅದರ ಹಿಂದೆ ಜ್ವರ, ಎಂಟು ದಿನ ಬಿಟ್ಟು ಮತ್ತೆ ನೆಗಡಿ. ಬೆವರು ಹರಿದರೆ ಎಲ್ಲ ಹೋಗುತ್ತದೆಂದು ನಾನು ಇನ್ನೊಂದು ಸುತ್ತು ಹೆಚ್ಚಿಸಿದೆ. ಅವಳು ಒಂದು ದಿನವೂ ಒಲ್ಲೆ ಅನ್ನಲಿಲ್ಲ. ಈಗ ನೆನೆದರೆ ಹೆಚ್ಚು ಚುಚ್ಚುವುದು ಅದೇ.

ಬಬಲೇಶ್ವರದಲ್ಲಿ ವಲಯ ಮಟ್ಟದ ಕ್ರೀಡಾಕೂಟ. ಮೊದಲ ಸುತ್ತಿನಲ್ಲಿ ಜುಬೇದಾ ಎಲ್ಲರಿಗಿಂತ ಮುಂದಿದ್ದಳು. ಎರಡನೆಯ ಸುತ್ತಿನ ತಿರುವಿನಲ್ಲಿ, ಯಾರೋ ಕರೆದು ಕೂಡ್ರಿಸಿದ ಹಾಗೆ, ಮೆಲ್ಲಗೆ ಕೂತುಬಿಟ್ಟಳು. ಬೈಯಬೇಕೆಂದೇ ಓಡಿಹೋದೆ. ಎಬ್ಬಿಸಲು ಕೈ ಹಿಡಿದರೆ ಆ ಕೈ ಕಾದ ಹಂಚಿನಂತೆ ಸುಡುತ್ತಿತ್ತು. ಬೈಯುವುದನ್ನು ಬಿಟ್ಟು ದವಾಖಾನೆಗೆ ಕರೆದೊಯ್ದೆ.

ಅಲ್ಲಿಯ ಸರಕಾರಿ ದವಾಖಾನೆಯ ಡಾಕ್ಟರು ವಯಸ್ಸಾದವರು, ಸಾವಕಾಶದ ಮನುಷ್ಯ. ಏನು ಉಣ್ಣುತ್ತಾಳೆ, ಎಷ್ಟು ತಾಸು ಮಲಗುತ್ತಾಳೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ವಾರದಲ್ಲಿ ಎಷ್ಟು ದಿನ ವಿಶ್ರಾಂತಿ ಎಂದರು. ರವಿವಾರದ ಸಂಗತಿಯನ್ನು ನಾನು ಹೆಮ್ಮೆಯಿಂದಲೇ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮಾಸ್ತರ, ವ್ಯಾಯಾಮ ಚಲೋನ. ಆದ್ರ ಈ ವಯಸ್ಸಿನ್ಯಾಗ ಮೈ ಬೆಳೀಬೇಕು, ಓಡಬೇಕು, ಜಡ್ಡಿನ ಜೋಡಿ ಹೊಡದಾಡಬೇಕು. ಮೂರಕ್ಕೂ ಶಕ್ತಿ ಬೇಕಲ್ರಿ. ನೀವು ಎಲ್ಲಾ ಓಟಕ್ಕ ಖರ್ಚ ಮಾಡಿಸೀರಿ. ಜಡ್ಡು ತಡ್ಯಾಕ ಏನ ಉಳೀತು?”

ಅಷ್ಟರಲ್ಲಿ ಸುದ್ದಿ ತಿಳಿದು ಹಸನಸಾಬರು ಬಸ್ಸಿನಲ್ಲಿ ಬಂದರು. ಇನ್ನು ಹುಡುಗಿಯ ಓಟ ಮುಗಿಯಿತೆಂದು ನಾನು ತಲೆ ತಗ್ಗಿಸಿ ನಿಂತೆ. ಅವರು ಮಗಳ ಹಣೆ ಮುಟ್ಟಿ ನೋಡಿ ಹೊರಗೆ ಬಂದು ಮಾತಾಡಿದರು.

“ಓಡೂದು ಬಿಡಸ್ರಿ ಅನ್ನಾಕ ಬಂದಿಲ್ರಿ. ಓಡಿ ಬಂದ ದಿನ ಆಕಿ ಮನಿಯಾಗ ನಕ್ಕೋತ ಇರ್ತಾಳ. ಆದ್ರ ಈ ವರ್ಷ ಆಕಿ ಜಂಪರ ಮೂರ ಸಲ ಉದ್ದ ಮಾಡೇನಿ ಮಾಸ್ತರ, ಮೂರ ಸಲಾನೂ ಅಗಲ ಕಡಿಮಿ ಮಾಡೇನಿ. ಇಂಥಾ ಅಳತಿ ನಾ ಎಲ್ಲೂ ನೋಡಿಲ್ರಿ.”

ನನ್ನ ಕೈಯಲ್ಲಿ ವರ್ಷವಿಡೀ ಗಡಿಯಾರವಿತ್ತು, ಅವರ ಕೈಯಲ್ಲಿ ಟೇಪು. ಮಗು ಕಂಡದ್ದು ಟೇಪಿಗೆ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಮರುದಿನ ಅವಳೇ ಜುಬೇದಾಳ ಮನೆಗೆ ಹೋಗಿ, ನನ್ನ ಬಾಯಿಂದ ಹೊರಡಲಾರದ ಪ್ರಶ್ನೆಗಳನ್ನು ಕೇಳಿಕೊಂಡು ಬಂದಳು. “ಆಕಿ ದೊಡ್ಡಾಕಿ ಆಗಿ ನಾಕ ತಿಂಗಳಾತು. ಹೊಟ್ಟಿ ನೋವಿದ್ದಾಗೂ ನೀವು ಸಿಟ್ಟಾಗ್ತೀರಂತ ಹೆದರಿ ಓಡ್ಯಾಳ,” ಎಂದಳು.

ಡಾಕ್ಟರು ಹೇಳಿದಂತೆ ಒಂದೂವರೆ ತಿಂಗಳು ಓಟ ಬಂದ್. ಆಮೇಲೆ ವಾರಕ್ಕೆ ಮೂರೇ ದಿನ. ಶೇಂಗಾ, ಬೆಲ್ಲ, ತತ್ತಿ, ಕಣ್ತುಂಬ ನಿದ್ದೆ. ಈ ವಿಶ್ರಾಂತಿ ಹುಡುಗಿಗೆ ಒಗ್ಗಿತು, ನನಗೆ ಒಗ್ಗಲಿಲ್ಲ. ರವಿವಾರ ಅವಳು ಓಡುತ್ತಿಲ್ಲ ಎಂಬ ಯೋಚನೆಗೇ ನನಗೆ ಸುಸ್ತಾಗುತ್ತಿತ್ತು. ಓಡಿಸಲೇ ಎಂದು ಕೇಳಲು ಎರಡು ಸಲ ದರ್ಜಿ ಅಂಗಡಿಗೆ ಹೋಗಿ, ಸುಮ್ಮನೆ ಗುಂಡಿ ಹಚ್ಚಿಸಿಕೊಂಡು ಬಂದೆ.

ಮುಂದಿನ ವರ್ಷ ಬಬಲೇಶ್ವರದಲ್ಲಿ ಗೆದ್ದು, ವಿಜಾಪುರದ ಜಿಲ್ಲಾ ಕೂಟಕ್ಕೆ ಹೋದೆವು. ಜುಬೇದಾ ಎರಡನೆಯವಳಾಗಿ ಬಂದಳು. ಹಸನಸಾಬರು ಮಗಳ ಭುಜ ಹಿಡಿದು ನಿಂತಾಗ, ತೋಳು ತುಂಬಿದೆಯೇ ಎಂದು ಅವರ ಬೆರಳು ತಾನಾಗಿ ಅಳೆಯುತ್ತಿತ್ತು.

ಹೆಡ್‌ಮಾಸ್ತರರು ಖುಷಿಯಾಗಿ ನನ್ನ ತರಬೇತಿಯ ಗುಟ್ಟನ್ನು ಬರೆದುಕೊಡಲು ಹೇಳಿದರು. ಎರಡು ಪುಟ ಬರೆದೆ: ಊಟ, ನಿದ್ದೆ, ವಿಶ್ರಾಂತಿ, ಜ್ವರವಿದ್ದಾಗ ಓಡಿಸಬಾರದು, ಹೆಣ್ಣುಮಕ್ಕಳನ್ನು ಹೆದರಿಸಬಾರದು. ಮೇಲೆ ದಪ್ಪ ಅಕ್ಷರದಲ್ಲಿ ‘ನನ್ನ ಪದ್ಧತಿ’ ಎಂದು ಹೆಸರಿಟ್ಟೆ. ಬೋರ್ಡಿಗೆ ಹಚ್ಚಿದಾಗ ಜುಬೇದಾ ನಿಂತು ಪೂರ್ತಿ ಓದಿದಳು.

“ಸರ್ರ, ಇದು ಡಾಕ್ಟರು, ನಮ್ಮ ಅಪ್ಪ, ನಿಮ್ಮ ಮನಿಯವರು ಹೇಳಿದ್ದಲ್ರಿ?” ಎಂದು ಮೆಲ್ಲಗೆ ಕೇಳಿದಳು.

ಹೌದೆಂದೆ. ಇದರಲ್ಲಿ ನಿಮ್ಮದು ಯಾವುದು ಎಂದು ಕೇಳುವಷ್ಟು ಕೆಟ್ಟ ಹುಡುಗಿಯಲ್ಲ ಅವಳು. ಕೇಳಿದ್ದರೆ, ಅಕ್ಷರ ನನ್ನದು ಎಂದು ಹೇಳಬೇಕೆಂದಿದ್ದೆ.