ಹುಡುಗಿ, ಹುಡುಗ, ಬಾಗಿಲು

ಅಂದಿನ ಅನಾಹುತಕ್ಕೆಲ್ಲ ಕಾರಣ ಒಂದೇ ಒಂದು ಸಾಲು. ಅದನ್ನು ಬರೆದು ಮುಗಿಸಿದಾಗ ಶಶಿಧರ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

ಹುಡುಗಿ < ಹುಡುಗ < ಬಾಗಿಲು

ಇಷ್ಟೇ ಆ ಸಾಲು. ಫಾತೋರ್ಡಾದ ಕನ್ನಡ ಸಂಘದವರು ವಧು-ವರರ ಸಮಾವೇಶ ಇಟ್ಟುಕೊಂಡಿದ್ದರು. ಜೋಡಿ ಹೊಂದಿಸುವ ಕೆಲಸ ಯಾವತ್ತಿಗೂ ಮುರುಗೆವ್ವನದು. ಗೋವಾದಲ್ಲಿ ನೆಲೆಸಿದ ನಮ್ಮ ಕಡೆಯವರ ಅರ್ಧ ಮದುವೆಗಳು ಆಕೆಯ ಬಾಯಿಂದಲೇ ನಡೆದಿವೆ. ಸಂಘದ ಸಭಾಗೃಹದ ಬಾಗಿಲಿಗೆ ಹುಡುಗ ಹುಡುಗಿಯರನ್ನು ಒಬ್ಬೊಬ್ಬರಾಗಿ ಆನಿಸಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಬೆರಳಿನಿಂದ ಅಳೆಯುವುದು ಆಕೆಯ ಪದ್ಧತಿ.

"ಹುಡುಗಿಗಿಂತ ಎತ್ತರ ಇರಬೇಕು, ಬಾಗಲಕ್ಕಿಂತ ಗಿಡ್ಡ ಇರಬೇಕು. ಇದರ ನಡುವ ಬಂದಾವ ಅಳಿಯ. ಉಳದದ್ದು ಅವರವರು ನೋಡ್ಕೋತಾರ," ಎನ್ನುತ್ತಿದ್ದಳು ಆಕೆ.

ಈಗ ಕಣ್ಣು ಮಂಜಾಗಿತ್ತು. ಆದ್ದರಿಂದ ಗೆರೆ ಎಳೆಯುವುದನ್ನು ತಾನಿಟ್ಟುಕೊಂಡು, ಹೊಂದಿಸುವುದನ್ನು ಶಶಿಧರನ ಕಂಪ್ಯೂಟರಿಗೆ ಬಿಟ್ಟುಕೊಟ್ಟಿದ್ದಳು.

ಶಶಿಧರ ಮಡಗಾಂವದಲ್ಲಿ ಬಟ್ಟೆ ಅಂಗಡಿ ಇಟ್ಟ ಧಾರವಾಡದವರ ಮಗ. ಅಂಗಡಿ ಬಿಟ್ಟು ಪ್ರೋಗ್ರಾಮ್ ಬರೆಯುವ ಕಸುಬು ಹಿಡಿದಿದ್ದ. ಮುರುಗೆವ್ವನ ಅಣ್ಣ ಅಡಿವೆಯ್ಯನ ಮಗಳು ಪ್ರತಿಮಾಳ ಮೇಲೆ ಅವನಿಗೆ ಬಹಳ ದಿನದಿಂದ ಮನಸ್ಸು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಪ್ರತಿಮಾಳಿಗೂ ಹೇಳಿರಲಿಲ್ಲ. ಹೇಳದಿರಲು ಕಾರಣ ಆ ಬಾಗಿಲ ಮೇಲೇ ಇತ್ತು. ಅವಳ ಗೆರೆಗಿಂತ ಅವನ ಗೆರೆ ಎರಡು ಬೆರಳು ಕೆಳಗೆ. ಹಾಗೆ ನೋಡಿದರೆ ಬಂದಿದ್ದ ಹುಡುಗರಲ್ಲೆಲ್ಲ ಅವನ ಗೆರೆಯೇ ಕೆಳಗಿನದು.

ಬಾಳಿನಲ್ಲಿ ಗಿಡ್ಡನಾದವನು ಬರಹದಲ್ಲಾದರೂ ಎತ್ತರ ತೋರಿಸಬೇಕೆಂದು ಹೊರಟ. ಅವನು ಬಳಸುವ ಕಂಪ್ಯೂಟರ್ ಭಾಷೆಯಲ್ಲಿ, ಸಂಖ್ಯೆಗಳ ನಡುವೆ ಹಾಕುವ 'ಕಡಿಮೆ' ಗುರುತನ್ನು ಮನುಷ್ಯರ ನಡುವೆಯೂ ಹಾಕಬಹುದು. ಹಾಕಿದರೆ ಏನು ಉತ್ತರ ಬರಬೇಕು ಎಂಬುದನ್ನು ಬರೆಯುವವನೇ ತೀರ್ಮಾನಿಸಬೇಕು. ಬೇರೆಯವರಾಗಿದ್ದರೆ 'ಹೌದು' ಅಥವಾ 'ಇಲ್ಲ' ಎಂಬ ಉತ್ತರ ಇಟ್ಟು ಸುಮ್ಮನಾಗುತ್ತಿದ್ದರು. ಶಶಿಧರ ಎಷ್ಟು ಬೆರಳು ಅಂತರ ಎಂಬ ಲೆಕ್ಕವನ್ನೇ ಉತ್ತರವಾಗಿಟ್ಟ. ಅಂತರ ಹೆಚ್ಚಿದ್ದವನ ಹೆಸರು ಮೊದಲು ಬರಲಿ ಎಂಬುದು ಅವನ ಜಾಣತನ.

ಅವನ ಜೊತೆ ಕೆಲಸ ಮಾಡುವ ಅಲ್ತಾಫ ಅದನ್ನು ಓದಿ ತಲೆ ಕೆರೆದುಕೊಂಡ. "ಇದ್ದ ಗುರುತಿನ ಅರ್ಥ ಯಾಕ ಬದಲಿ ಮಾಡ್ತಿಯೋ? ಸುಮ್ನ ಹೌದು, ಇಲ್ಲ ಅಂತ ಕೊಡ್ಸು."

"ಮುರುಗೆವ್ವ ಹೇಳಿದ್ದನ್ನ ಅಕಿ ಹೇಳಿದಂಗ ಬರದೇನಿ. ಇದಕ್ಕಿಂತ ಚಲೋ ಬರ್ಯಾಕ ಆಗಂಗಿಲ್ಲ," ಎಂದ ಶಶಿಧರ.

ತನ್ನ ಹೆಸರನ್ನೂ ಸೇರಿಸಿದ. ಪ್ರತಿಮಾಳ ಎದುರು ಅದು ಬರುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಸೇರಿಸಿದ. ಆಸೆ ಯಾರ ಮಾತು ಕೇಳುತ್ತದೆ?

ಭಾನುವಾರ ಬೆಳಿಗ್ಗೆ ಪರದೆ ಬೆಳಗಿತು. ಮೊದಲು ಹೆಸರು ಕೊಟ್ಟಿದ್ದವಳು ಪ್ರತಿಮಾ, ಅವಳ ಜೋಡಿಯೇ ಮೊದಲು ಬಂತು. ಪ್ರತಿಮಾ, ಶಶಿಧರ.

ಇಂಥ ಹೊತ್ತಿನಲ್ಲಿ ಪ್ರೋಗ್ರಾಮ್ ಬರೆಯುವವನಿಗೆ ಎಲ್ಲೋ ತಪ್ಪಾಗಿದೆ ಎಂಬ ಯೋಚನೆ ಬರಬೇಕು. ಇವನಿಗೆ ಬಂದದ್ದು ತಾನು ಬೆಳೆದಿರಬಹುದೇ ಎಂಬ ಯೋಚನೆ. ಪ್ಯಾಂಟಿನ ಅಂಚನ್ನು ಕೂಡ ಒಮ್ಮೆ ಬಗ್ಗಿ ನೋಡಿಕೊಂಡ.

ಎದುರುಬದುರು ಕೂತರು. ಚಹಾ ಬಂತು, ಭಾಜಿ-ಪಾವ್ ಬಂತು. ಪ್ರತಿಮಾ ತಾನು ಪಾಠ ಹೇಳುವ ಬಾಲವಾಡಿಯ ಮಕ್ಕಳ ಕತೆ ಹೇಳಿ ನಗಿಸಿದಳು. ಆಮೇಲೆ ಪರದೆಯ ಕಡೆ ನೋಡಿ, "ಇದನ್ನ ನೀವೇ ಬರದೀರಂತ?" ಎಂದಳು.

"ಹೌದ್ರಿ," ಎಂದ ಶಶಿಧರ.

"ಚಲೋ ಬರದೀರಿ," ಎಂದು ಅವಳು ಕಪ್ಪಿನೊಳಗೆ ಮುಖ ಇಟ್ಟು ನಕ್ಕಳು. ಮನಸ್ಸಿನ ಮಾತು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. ಶಶಿಧರ ಗಂಟಲು ಸರಿಮಾಡಿಕೊಂಡ.

ಆಗಲೇ ಉಸಗಾಂವದ ಭಾಗವ್ವನ ದನಿ ಸಭಾಗೃಹವನ್ನು ತುಂಬಿತು. ಆಕೆಯ ಮಗಳು ಮಂಗಲಾ ತೆಂಗಿನ ಗಿಡದಂತೆ ಬೆಳೆದವಳು. ಪರದೆ ಅವಳಿಗೆ ಜೋಡಿಯಾಗಿ ಕೊಟ್ಟಿದ್ದ ಬಾಳು ಎಂಬ ಹುಡುಗ ಅವಳ ಭುಜಕ್ಕೆ ಬರುತ್ತಿದ್ದ.

"ಮುರುಗೆವ್ವಾ, ಇವನನ್ನ ಲಗ್ನಕ್ಕ ಕರಸೀಯೋ, ಬಾಲವಾಡಿ ಸಾಲಿಗೆ ಹಚ್ಚಿ ಬಾ ಅಂತ ಕೊಟ್ಟೀಯೋ?"

"ನನ್ನದೇನೂ ತಕರಾರಿಲ್ರಿ," ಎಂದ ಬಾಳು, ಮಂಗಲಾಳನ್ನು ಕತ್ತೆತ್ತಿ ನೋಡುತ್ತ.

ಎಲ್ಲ ಟೇಬಲ್ಲುಗಳಿಂದಲೂ ಇದೇ ದೂರು ಎದ್ದಿತು. ದಾಬೋಲಿಮ್ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ರವಿಕುಮಾರ ಎಲ್ಲರಿಗಿಂತ ಎತ್ತರದ ಹುಡುಗ. ಅವನಿಗೆ ಜೋಡಿಯೇ ಬಂದಿರಲಿಲ್ಲ. ಮೂಲೆಯಲ್ಲಿ ಒಬ್ಬನೇ ಕೂತು ಎರಡನೇ ಸಲ ಶಿರಾ ಹಾಕಿಸಿಕೊಳ್ಳುತ್ತಿದ್ದ.

ಶಶಿಧರ ಎದ್ದು ಕಂಪ್ಯೂಟರಿನ ಮುಂದೆ ಕೂತ. ಅಲ್ತಾಫ ಆಗಲೇ ಆ ಸಾಲಿನ ಮೇಲೆ ಬೆರಳಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಇಂಥ ಸರಪಳಿ ಸಾಲನ್ನ ಯಂತ್ರ ಎರಡು ತುಂಡು ಮಾಡಿ ಓದ್ತೈತಿ. ಮೊದಲನೇ ತುಂಡಿಂದ ಅದಕ್ಕ ಹೌದೋ ಇಲ್ಲೋ ಅಷ್ಟ ಬೇಕು. ನೀ ಏನ್ ಕೊಟ್ಟಿ? ಎರಡು ಬೆರಳು ಕಮ್ಮಿ ಅಂತ ಲೆಕ್ಕ ಕೊಟ್ಟಿ. ಸೊನ್ನಿ ಅಲ್ಲದ್ದೆಲ್ಲ ಅದಕ್ಕ ಹೌದು. ಕಮ್ಮಿ ಇದ್ರೂ ಹೌದು ಅಂತು, ಆ ಲೆಕ್ಕ ಅಲ್ಲೇ ಚೆಲ್ಲಿ ಮುಂದ ಹೋತು. ಕಡೀಕ ಉಳದದ್ದು ಹುಡುಗ, ಬಾಗಲು ಎರಡೇ. ಬಾಗಲದ ತುದಿಯಿಂದ ಯಾರ ತಲಿ ಭಾಳ ಕೆಳಗ ಐತಿ, ಅವ ಮೊದಲನೇದಾಂವ."

ತಾನು ಮೊದಲನೆಯವನಾದದ್ದು ಹೇಗೆಂದು ಶಶಿಧರನಿಗೆ ತಿಳಿಯಿತು. ಆ ಸಾಲನ್ನು ಅಳಿಸಲು ಕೈ ಚಾಚಿದ.

"ಊಟ ಆಗೋತನ ಮುಟ್ಟಬ್ಯಾಡ," ಎಂದು ಅಲ್ತಾಫ ನಗು ನಿಲ್ಲಿಸಿ ಮೆಲ್ಲಗೆ ಹೇಳಿದ. "ಅಕಿ ಜೋಡಿ ಇನ್ನಷ್ಟು ಮಾತಾಡು. ಆಮ್ಯಾಲ ಸರಿ ಮಾಡೋಣಂತ."

ಆದರೆ ಮುರುಗೆವ್ವ ಬಂದು ಬೆನ್ನ ಹಿಂದೆ ನಿಂತಿದ್ದಳು. "ತಮ್ಮಾ, ನಂಬಿ ಕೊಟ್ಟೇನಪಾ. ನನ್ನ ಹೆಸರು ಹೋಗಾಕತ್ತೈತಿ."

ಕಳ್ಳ ಜಾಗದಲ್ಲಿ ಕೂತು ಹುಡುಗಿಯನ್ನು ಗೆಲ್ಲುವುದು ಶಶಿಧರನ ಮನಸ್ಸಿಗೂ ಒಗ್ಗಲಿಲ್ಲ. ಜಾಣತನವನ್ನೆಲ್ಲ ಅಳಿಸಿ ಹೌದು, ಇಲ್ಲ ಎಂಬ ಎರಡೇ ಉತ್ತರ ಇಟ್ಟ. ಪರದೆ ಮತ್ತೆ ಬೆಳಗಿತು. ಪ್ರತಿಮಾ, ರವಿಕುಮಾರ. ಶಶಿಧರನ ಹೆಸರು ಎಲ್ಲಿಯೂ ಇರಲಿಲ್ಲ.

ಪ್ರತಿಮಾ ಪರದೆಯನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು. ಅವನು ಸರಿಯಾಗಿಯೇ ಇದ್ದ ವೈರನ್ನು ಕಿತ್ತು ಮತ್ತೆ ಸಿಕ್ಕಿಸುತ್ತ ಕೂತ. ಆಗ ಎದ್ದು ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದನ್ನು ನೆನೆದು ಅವನು ಆಮೇಲೆ ಎಷ್ಟು ಸಲ ಹಳಹಳಿಸಿದನೋ.

ಊಟ ಮುಗಿಯುವ ಹೊತ್ತಿಗೆ ಎಲ್ಲರೂ ಶಶಿಧರನನ್ನು ಹೊಗಳುತ್ತಿದ್ದರು. ಭಾಗವ್ವ ಕೂಡ ಸಮಾಧಾನಗೊಂಡಿದ್ದಳು. ಮುರುಗೆವ್ವ ಸಕ್ಕರೆಯ ತಟ್ಟೆ ಹಿಡಿದು ಬಂದಳು.

"ಬಾಯಿ ತಗಿ. ನಮ್ಮ ಪ್ರತಿಮಾಂದು ಪಕ್ಕಾ ಆತು. ರವಿಕುಮಾರನ ಮನಿಯವ್ರಿಗೆ ಅಣ್ಣ ಮಾತು ಕೊಟ್ಟ. ಎಲ್ಲಾ ನಿನ್ನ ಪುಣ್ಯಾ."

ಶಶಿಧರ ಬಾಯಿ ತೆರೆದ. ಸಕ್ಕರೆ ನುಂಗಲು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ.

ಅತ್ತೆಯ ಹಿಂದೆಯೇ ಪ್ರತಿಮಾ ನಿಂತಿದ್ದಳು. "ಮುಂಜಾನಿ ನಿಮ್ಮ ಹೆಸರು ಬಂದಾಗ ನನಗ ಭಾಳ ಖುಷಿ ಆಗಿತ್ತು. ಕೇಳಿದ್ರ ಹೂಂ ಅನಬೇಕಂತ ಕುಂತಿದ್ದೆ," ಎಂದಳು. "ನೀವ ಎದ್ದು ಹೋಗಿ ಹೆಸರು ತಗದ್ರಿ. ಮನಸಿಲ್ಲ ಅಂತ ತಿಳೀತು, ಅದಕ್ಕ ಅಪ್ಪಗ ಆಗಲಿ ಅಂದೆ."

"ನಾ ತಗೀಲಿಲ್ರಿ," ಎಂದ ಶಶಿಧರ. "ಎತ್ತರದ ನಿಯಮ ಐತೆಲ್ರಿ. ಹುಡುಗಿಗಿಂತ ಎತ್ತರ..."

"ಆ ನಿಯಮ ನನಗ ಬ್ಯಾಡಂತ ಅತ್ತಿಗೆ ಮೊದಲೇ ಹೇಳಿದ್ದೆ. ಬಾಗಲಕ್ಕಿಂತ ಗಿಡ್ಡ ಇದ್ರ ಸಾಕು ಅಂದಿದ್ದೆ."

ಶಶಿಧರ ಮುರುಗೆವ್ವನ ಕಡೆ ತಿರುಗಿದ. ಆಕೆ ತಟ್ಟೆಯ ಸಕ್ಕರೆಯನ್ನು ಬೆರಳಿನಿಂದ ಒಂದು ಕಡೆ ಸರಿಸಿದಳು.

"ಹೇಳಿದ್ಲು ಖರೇ. ನಿನಗ ಹೇಳೂದು ಮರತಿದ್ದೆ. ಮುಂಜಾನಿ ನಿಮ್ಮಿಬ್ಬರ ಹೆಸರು ಕೂಡಿ ಬಂತಲ್ಲಪಾ, ಕಂಪ್ಯೂಟರಿಗೆ ಹೆಂಗೋ ಗೊತ್ತಾಗೇತಿ ಅಂತ ಸುಮ್ನಾದೆ."

ಹೊರಗಿನಿಂದ ರವಿಕುಮಾರನ ತಾಯಿ ಪ್ರತಿಮಾಳನ್ನು ಕರೆದಳು. ಅವಳು ಹೋದಳು. ಅಲ್ತಾಫ ವೈರು ಸುತ್ತತೊಡಗಿದ.

ಶಶಿಧರ ಚೀಲ ಹೆಗಲಿಗೇರಿಸಿ ಬಾಗಿಲಿಗೆ ಬಂದ. ಅವಳ ಗೆರೆ, ಎರಡು ಬೆರಳು ಕೆಳಗೆ ಅವನ ಗೆರೆ, ಎರಡೂ ಇನ್ನೂ ಅಲ್ಲೇ ಇದ್ದವು. ಅಷ್ಟು ಎತ್ತರದ ಬಾಗಿಲಲ್ಲಿ ಅವನು ತಲೆ ತಗ್ಗಿಸುವ ಅಗತ್ಯವೇ ಇರಲಿಲ್ಲ. ಆದರೂ ತಗ್ಗಿಸಿಕೊಂಡೇ ದಾಟಿಹೋದ.