ಅತ್ತೆಯ ಕಿವಿ, ಓಣಿಯ ರೊಟ್ಟಿ

ನಮ್ಮ ಅತ್ತೆಯ ಕಿವಿ ತಪ್ಪಿಸಿ ದುಃಖಪಡುವುದು ಸಿಂದಗಿಯ ಆ ಓಣಿಯಲ್ಲಿ ಯಾವ ಹೆಂಗಸಿಗೂ ಸಾಧ್ಯವಿರಲಿಲ್ಲ! ಕಣ್ಣಲ್ಲ, ಕಿವಿ. ಮುಖ ನೋಡಿ ಮನಸ್ಸು ತಿಳಿಯುವವರು ಎಲ್ಲ ಊರಲ್ಲೂ ಇರುತ್ತಾರೆ. ನಮ್ಮಪ್ಪನ ಈ ತಂಗಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಹೇಳಿಬಿಡುತ್ತಿದ್ದಳು.

ಎಪ್ಪತ್ತರ ದಶಕದಲ್ಲಿ ಹೈಸ್ಕೂಲು ಓದಲೆಂದು ನಾನು ಅವಳ ಮನೆಯಲ್ಲಿದ್ದೆ. ಬೆಳಗಾದರೆ ಮನೆಮನೆಯಿಂದ ಜೋಳದ ರೊಟ್ಟಿಯ ಟಪಟಪ. ಅತ್ತೆ ಅಂಗಳ ಗುಡಿಸುತ್ತಲೇ ವರದಿ ಒಪ್ಪಿಸುವಳು: ಈಕೆಗೆ ಗಂಡನ ಮೇಲೆ ಸಿಟ್ಟು, ಆಕೆಗೆ ತವರಿಗೆ ಹೋಗುವ ಅವಸರ. ದುಃಖದ ಗುರುತೇ ಬೇರೆಯಂತೆ.

"ದುಃಖ ಇದ್ದಾಕಿ ಸಾವಕಾಶ ಬಡಿಯಂಗಿಲ್ಲ, ಚಲೋನ ಬಡೀತಾಳ. ನಡುವ ಕೈ ನಿಂದರ್ತೈತಿ. ನಿಂತದ್ದು ಆಕಿಗೇ ಗೊತ್ತಿರಂಗಿಲ್ಲ."

ಚಿಕಿತ್ಸೆಯೂ ಅವಳಲ್ಲೇ ಇತ್ತು. ಸೀದಾ ಆ ಮನೆಯ ಒಲೆಯ ಮುಂದೆ ಹೋಗಿ, "ಏಳ, ನಾ ಬಡೀತೇನಿ" ಎಂದು ಹಲಗೆ ಕಸಿದುಕೊಳ್ಳುವುದು, ಮೊದಲ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಆಕೆಗೇ ತಿನ್ನಿಸುವುದು. ಏನಾಯಿತು, ಯಾಕಾಯಿತು ಎಂದು ಕೇಳುವಂತಿಲ್ಲ! ರೊಟ್ಟಿ ಬಡಿಯುವವಳು ಎಂದಾದರೂ ಬಿಸಿ ರೊಟ್ಟಿ ತಿಂದದ್ದುಂಟೆ? ಎಲ್ಲರದೂ ಮುಗಿದು ಅವಳ ಸರದಿ ಬರುವಷ್ಟರಲ್ಲಿ ಅದು ಆರಿ ಹೋಗಿರುತ್ತದೆ.

ಅಡತಿ ಅಂಗಡಿಯಲ್ಲಿ ದಿನವಿಡೀ ತೊಗರಿ ತೂಗಿಸುತ್ತಿದ್ದ ಮಾವನಿಗೆ ಇದೆಲ್ಲ ಶುದ್ಧ ಹುಚ್ಚು. ರೊಟ್ಟಿಯ ಸಪ್ಪಳ ಹಿಟ್ಟಿನದು, ಮನಸ್ಸಿನದಲ್ಲ ಎಂದು ದಿನಾ ಗೊಣಗುತ್ತಿದ್ದರು.

ಒಮ್ಮೆ ಎದುರು ಮನೆಗೆ ಮೈಸೂರು ಕಡೆಯ ಮಾಸ್ತರರು ಸಂಸಾರ ಸಮೇತ ಬಂದರು. ಮರುದಿನ ಬೆಳಿಗ್ಗೆ ಅಲ್ಲಿಂದ ಒಂದು ಟಪ್, ಆಮೇಲೆ ಮೌನ. ಇನ್ನೊಂದು ಟಪ್, ಮತ್ತೆ ದೀರ್ಘ ಮೌನ. ಇಷ್ಟು ಘೋರ ದುಃಖವನ್ನು ಅತ್ತೆ ಜನ್ಮದಲ್ಲಿ ಕೇಳಿರಲಿಲ್ಲ! ಕಸಬರಿಗೆ ಬಿಸಾಕಿ ಓಡಿದಳು, ಹಿಂದೆಯೇ ನಾನು. ಪಾಪ, ಮಾಸ್ತರರ ಹೆಂಡತಿ ಜೋಳದ ರೊಟ್ಟಿ ಕಲಿಯುತ್ತಿದ್ದರು, ಅಷ್ಟೇ. ನನಗೇನೂ ದುಃಖವಿಲ್ಲ ಎಂದು ಎಷ್ಟು ಹೇಳಿದರೂ ಅತ್ತೆ ಬಿಡಲಿಲ್ಲ. ಬೆಣ್ಣೆ ರೊಟ್ಟಿಯ ಎರಡನೆಯ ತುತ್ತಿಗೆ ಅವರು ಬಿಕ್ಕಿ ಬಿಕ್ಕಿ ಅಳತೊಡಗಿದರು. ಅಮ್ಮನನ್ನು ಬಿಟ್ಟರೆ ಹೀಗೆ ಯಾರೂ ತಿನ್ನಿಸಿರಲಿಲ್ಲವಂತೆ. ಅತ್ತೆ ನನ್ನತ್ತ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದಳು. ತಪ್ಪು ಲೆಕ್ಕ, ಸರಿ ಉತ್ತರ!

ಅಗರಖೇಡದ ಒಂದು ಮದುವೆ ಮನೆಯಲ್ಲಿ ಮಾತ್ರ ಮರ್ಯಾದೆ ಹೋಯಿತು. ಹಿತ್ತಲಲ್ಲಿ ಸಾಲು ಒಲೆ ಹೂಡಿ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಒಬ್ಬಳ ಕೈ ನಡುನಡುವೆ ನಿಲ್ಲುತ್ತಿತ್ತು. ಅವಳು ತೂಕಡಿಸುತ್ತಿದ್ದಾಳೆ ಎಂದು ಉಳಿದವರು ಹೇಳುವ ಮೊದಲೇ ಅವಳ ಬಾಯಲ್ಲಿ ಬೆಣ್ಣೆ ರೊಟ್ಟಿ! ತಗೊಳ್ಳಿ, ಅರೆಗಳಿಗೆಯಲ್ಲಿ ಎಲ್ಲ ಒಲೆಗಳ ಮುಂದೆಯೂ ಕೈಗಳು ನಿಲ್ಲತೊಡಗಿದವು. ಎಲ್ಲರಿಗೂ ದುಃಖವೋ ದುಃಖ. ಬೀಗರ ಪಂಕ್ತಿ ಖಾಲಿ ತಾಟು ನೋಡುತ್ತ ಕೂತಿತು.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಅತ್ತೆಯ ಒಬ್ಬಳೇ ಮಗಳನ್ನು ನಾಲತವಾಡಕ್ಕೆ ಕೊಟ್ಟರು. ಕಳಿಸಿಕೊಡುವಾಗ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಅತ್ತರು, ಅತ್ತೆಯೊಬ್ಬಳನ್ನು ಬಿಟ್ಟು. ಅವಳು ಅಳಿಯನನ್ನು ಗೇಲಿ ಮಾಡಿದಳು, ಮಗಳನ್ನು ನಗಿಸಿದಳು. ಭಾರಿ ಗಟ್ಟಿ ಹೆಂಗಸು ಎಂದು ಓಣಿಯವರು ಹೊಗಳಿದರು. ನಾನೂ ನಂಬಿದೆ.

ಮರುದಿನ ಬೆಳಿಗ್ಗೆ ಮಾವ ಕಟ್ಟೆಯ ಮೇಲೆ ಕೂತು ತಲೆಗೆ ರುಮಾಲು ಸುತ್ತುತ್ತಿದ್ದರು. ಒಳಗೆ ಟಪಟಪ ಚೆನ್ನಾಗಿಯೇ ನಡೆದಿತ್ತು. ನಡುವೆ ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು. ಓಣಿಯ ದುಃಖವನ್ನೆಲ್ಲ ಕೇಳಿಸಿಕೊಂಡವಳ ಸಪ್ಪಳವನ್ನು ಕೇಳುವವರು ಯಾರು?

ಮಾವ ಅರ್ಧ ಸುತ್ತಿದ ರುಮಾಲಿನಲ್ಲೇ ಎದ್ದು ಒಳಗೆ ಹೋದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಗಂಡಸರು ಒಲೆಯ ಹತ್ತಿರ ಸುಳಿಯದ ಕಾಲವದು. ಅವರು ಅತ್ತೆಯ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಏಳ, ನಾ ಬಡೀತೇನಿ."

"ನಿಮಗ ಬರ್ತೈತೇನ್ರಿ?"

"ಬರಲಾರದಕ್ಕ ಏನೈತಿ? ಇಷ್ಟು ವರ್ಷ ದಿನಾ ಕೇಳೇನಿ."

ರೊಟ್ಟಿ ಎರಡು ಕಡೆ ಹರಿಯಿತು, ಮಾವನ ಬೆರಳು ಸುಟ್ಟಿತು. ನಡುವೆ ಹಸಿ, ಅಂಚೆಲ್ಲ ಕರಕಲು. ಅದಕ್ಕೇ ಬೆಣ್ಣೆ ಸವರಿ ಅತ್ತೆಯ ಕೈಗಿತ್ತರು. ಏನಾಯಿತು ಎಂದು ಅವರೂ ಕೇಳಲಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ನಗುತ್ತ, ಅಳುತ್ತ, ಒಂದು ಚೂರೂ ಬಿಡದೆ ಅಷ್ಟನ್ನೂ ತಿಂದಳು.